ಒಕ್ಕದ ಜಮೀನು, ಪಟ್ಟೆದಾರನ ಹೆಸರು

ಊರಿನವರೆಲ್ಲ ರಾತ್ರಿ ತಲಾ ಒಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ರಾಜ ಡಂಗುರ ಸಾರಿಸಿದ, ಬೆಳಿಗ್ಗೆ ನೋಡಿದರೆ ಕೊಳದ ತುಂಬ ಬರೀ ನೀರು ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಹಂಚಿಕೊಂಡ ಕೆಲಸ ಕೆಟ್ಟಾಗಲೆಲ್ಲ ಜನರ ಮೋಸವನ್ನೋ ಮೈಗಳ್ಳತನವನ್ನೋ ದೂರುವುದು ಅದರಿಂದಲೇ ನಮಗೆ ರೂಢಿಯಾಗಿರಬೇಕು. ಸಾಫ್ಟ್‌ವೇರ್ ತಂಡಗಳ ಮಟ್ಟಿಗಂತೂ ಈ ದೂರು ತಪ್ಪು.

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ಮನೆಯಿಂದ ನಾನು ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ತಂಡದ ಕೆಲಸದ ಬೋರ್ಡಿನಲ್ಲಿ, ಹಣ ಪಾವತಿಯಾದ ಮೇಲೂ ಗ್ರಾಹಕರಿಗೆ ರಸೀದಿ ಹೋಗುತ್ತಿಲ್ಲವೆಂಬ ಟಿಕೆಟ್ (ಮಾಡಬೇಕಾದ ಕೆಲಸದ ಚೀಟಿ) ಒಂದಿತ್ತು. ಅದನ್ನು ಮಾಡಬೇಕಾದವರ ಹೆಸರಿನ ಜಾಗದಲ್ಲಿ ‘ಬ್ಯಾಕೆಂಡ್ ತಂಡ’, ಅಂದರೆ ತೆರೆಯ ಹಿಂದಿನ ಸರ್ವರ್ ಕೆಲಸ ನೋಡಿಕೊಳ್ಳುವವರು, ಎಂದಷ್ಟೇ ಇತ್ತು. ಒಂಬತ್ತು ದಿನ ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ (ದಿನದ ಕಿರುಸಭೆಯಲ್ಲಿ) ‘ನೋಡ್ತಾ ಇದ್ದಾರೆ’ ಎಂಬ ಉತ್ತರ ಬಂತು. ವಿಚಾರಿಸಿದಾಗ, ಆ ತಂಡದ ನಾಲ್ವರೂ ಅದನ್ನು ತೆರೆದು, ಲಾಗ್ (ವ್ಯವಸ್ಥೆ ತಾನೇ ಬರೆದಿಡುವ ದಾಖಲೆ) ಓದಿ, ಇನ್ನೊಬ್ಬರು ಕೈಗೆತ್ತಿಕೊಂಡಿದ್ದಾರೆಂದು ನಂಬಿ ಮುಚ್ಚಿದ್ದರು.

1968ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಲಾಯಿತು. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ ಆ ನರಳಾಟ ಮುಗಿಯುವ ಮೊದಲೇ ನೆರವು ಕೋರಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಸುಮ್ಮನೆ ಕುಳಿತವರು ಕಲ್ಲುಮನಸ್ಸಿನವರಾಗಿರಲಿಲ್ಲ. ಅವರಲ್ಲಿ ಅನೇಕರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಹೊಣೆ ಮಾತ್ರ ಐದು ಪಾಲಾಗಿತ್ತು.

ಇದಕ್ಕೂ ಎಷ್ಟೋ ಮೊದಲು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ, ಗುಂಪು ದೊಡ್ಡದಾದಂತೆ ತಲಾ ಬಲ ಕುಗ್ಗುವುದನ್ನು ಅಳೆದು 1913ರಲ್ಲಿ ಪ್ರಕಟಿಸಿದ್ದರು. ಎಳೆತದ ತಾಳ ತಪ್ಪುವುದಷ್ಟೇ ಕಾರಣವಿರಬಹುದೇ? 1974ರಲ್ಲಿ ಇಂಗಮ್ ಎಂಬ ಸಂಶೋಧಕ ಮತ್ತು ಸಂಗಡಿಗರು ಎಳೆಯುವವರ ಕಣ್ಣು ಕಟ್ಟಿಸಿ, ಹಿಂದೆ ಯಾರೂ ಎಳೆಯದಿದ್ದರೂ ಎಳೆಯುತ್ತಿದ್ದಾರೆಂದು ನಂಬಿಸಿದರು. ಆಗಲೂ ಬಲ ಕುಗ್ಗಿತು.

ನಮ್ಮ ಕಾಫಿ ತೋಟಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕೊಯ್ಲಿನಲ್ಲಿ ಮೇಸ್ತ್ರಿ ಒಬ್ಬೊಬ್ಬರಿಗೂ ಸಾಲು ಹಿಡಿಸುತ್ತಾರೆ, ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಹೆಸರಿನ ಮುಂದೆ ಕಿಲೋ ಬರೆಯುತ್ತಾರೆ. ಆದರೂ ಎರಡು ಸಾಲುಗಳ ನಡುವೆ ಬಾಗಿದ ರೊಬಸ್ಟಾ ಕೊಂಬೆಯಲ್ಲಿ ಕೆಂಪು ಹಣ್ಣು ಹಾಗೆಯೇ ಉಳಿದಿರುತ್ತದೆ. ಅದು ಪಕ್ಕದವರದ್ದೆಂದು ಎರಡೂ ಕಡೆಯವರು ಮುಂದೆ ಹೋಗಿರುತ್ತಾರೆ.

ಸಾಫ್ಟ್‌ವೇರ್ ತಂಡಗಳು ಕೆಲಸ ನಡೆಸುವ ಸ್ಕ್ರಮ್ ಎಂಬ ಪದ್ಧತಿಯಲ್ಲಿ ಫಲಿತಾಂಶಕ್ಕೆ ಇಡೀ ತಂಡವೇ ಉತ್ತರದಾಯಿ. ಈ ಮಾತನ್ನು ಟಿಕೆಟ್ಟಿಗೆ ಹೆಸರೇ ಬೇಡವೆಂದು ಓದಿಕೊಂಡವರು ಬಹಳ ಮಂದಿ, ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಕೊಡವರ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನನ್ನು ನೋಡಿ: ಭೂಮಿ ಇಡೀ ಒಕ್ಕದ್ದು, ಅಂದರೆ ಮನೆತನದ್ದು, ದಾಖಲೆಯಲ್ಲಿದ್ದದ್ದು ಒಕ್ಕದ ಯಜಮಾನನಾದ ಪಟ್ಟೆದಾರನ ಹೆಸರು, ಕಂದಾಯಕ್ಕೆ ಸರ್ಕಾರ ಕೇಳುತ್ತಿದ್ದದ್ದು ಅವನನ್ನು. ಹಾಗೆಂದು ಅವನೊಬ್ಬನೇ ಉಳಬೇಕೆಂದೇನೂ ಇರಲಿಲ್ಲ, ಭೂಮಿ ಅವನೊಬ್ಬನದೂ ಆಗುತ್ತಿರಲಿಲ್ಲ. ಟಿಕೆಟ್‌ಗಳನ್ನಿಡುವ ಜಿರಾದಂಥ ಸಾಧನದಲ್ಲಿ ಅಸೈನಿಯ (ಕೆಲಸ ವಹಿಸಿಕೊಂಡವರ) ಜಾಗಕ್ಕೆ ಒಂದೇ ಹೆಸರು ಹಿಡಿಸುವುದನ್ನೂ ನಾನು ಹೀಗೆಯೇ ಅರ್ಥಮಾಡಿಕೊಳ್ಳುತ್ತೇನೆ. ಕೋಡ್ ಬರೆಯುವವರಿಂದ ಪರೀಕ್ಷಿಸುವವರಿಗೆ ಕೆಲಸ ದಾಟಿದಾಗ ಹೆಸರೂ ದಾಟಬೇಕು, ಇಬ್ಬರು ಕೂಡಿ ಕುಳಿತು ಬರೆದರೂ ‘ಎಲ್ಲಿಗೆ ಬಂತು?’ ಎಂಬ ಪ್ರಶ್ನೆಗೆ ಒಬ್ಬರೇ ಉತ್ತರಿಸಬೇಕು.

ಹತ್ತನೆಯ ದಿನ ಆ ಟಿಕೆಟ್ಟಿನಲ್ಲಿ ಒಬ್ಬಳೇ ಸಹೋದ್ಯೋಗಿಯ ಹೆಸರು ಬಿತ್ತು. ಅವಳು ಉಳಿದ ಮೂವರಿಗೂ ಕರೆ ಮಾಡಿ ಅವರು ಲಾಗಿನಲ್ಲಿ ಕಂಡದ್ದನ್ನು ಕೇಳಿ ಜೋಡಿಸಿದಳು. ಮರುದಿನ ಮಧ್ಯಾಹ್ನದೊಳಗೆ ರಸೀದಿಗಳು ಹೋಗತೊಡಗಿದವು.