ಬಿಸಿಲು ಹೀರುವ ಕಪ್ಪು ಎಷ್ಟು ದಿನ ಬಾಳಿಕೆ ಬರುತ್ತದೆ?

ಸೋಲಾರ್ ವಿದ್ಯುತ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಪಾವಗಡ. ಅಲ್ಲಿರುವುದು ಪ್ಯಾನೆಲ್‌ಗಳು, ಬಿಸಿಲು ಬಿದ್ದರೆ ನೇರವಾಗಿ ಕರೆಂಟು. ನನ್ನ ಕೆಲಸ ಇನ್ನೊಂದು ಬಗೆಯ ಸೋಲಾರ್‌ನದು. ಅದರಲ್ಲಿ ಕನ್ನಡಿಗಳು ಬಿಸಿಲನ್ನು ಕೊಳವೆಯ ಮೇಲೆ ಕೂಡಿಸುತ್ತವೆ. ಕೊಳವೆಯೊಳಗೆ ಎಣ್ಣೆಯೋ ಕರಗಿದ ಉಪ್ಪೋ ಹರಿಯುತ್ತದೆ. ಅದರ ಕಾವಿನಿಂದ ಹಬೆ, ಹಬೆಯಿಂದ ಟರ್ಬೈನ್. ನಮ್ಮ ಗಡಿ ದಾಟಿದರೆ ಆಂಧ್ರದ ಅನಂತಪುರ ಜಿಲ್ಲೆಯಲ್ಲೇ ಇಂಥ 50 ಮೆಗಾವಾಟ್‌ನ ಸ್ಥಾವರ ಕಟ್ಟಿದ್ದಾರೆ. ಎಲ್ಲೇ ಆಗಲಿ, ಬಿಸಿಲು ಕಾವಾಗಿ ಬದಲಾಗುವುದು ಕೊಳವೆಯ ಮೈಮೇಲಿನ ತೆಳು ಕಪ್ಪು ಲೇಪದಲ್ಲಿ.

"ಕಪ್ಪು ಬಣ್ಣ ತಾನೆ ಸಾರ್, ಅದಕ್ಯಾಕೆ ಲ್ಯಾಬು?" ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಬಚ್ಚಲ ಹಂಡೆಯ ತಳದ ಮಸಿ ಕೂಡ ಬಿಸಿಲಿನ ಬಹುಪಾಲನ್ನು ಹೀರಬಲ್ಲದು. ಆದರೆ ಬೆರಳು ತಾಗಿದರೆ ಬಿಟ್ಟುಕೊಳ್ಳುತ್ತದೆ, 600 ಡಿಗ್ರಿ ಕಾವಿನಲ್ಲಿ ಗಾಳಿಗೆ ಸುಟ್ಟೇ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಎನಾಮೆಲ್ ಪೇಂಟ್ ಅಂತೂ ಅದಕ್ಕಿಂತ ಎಷ್ಟೋ ಮೊದಲೇ ಉದುರುತ್ತದೆ.

ಇನ್ನೊಂದು ತೊಡಕಿದೆ. ಬಿಸಿಯಾದ ಮೈ ಸುಮ್ನೆ ಇರುವುದಿಲ್ಲ. ಇನ್‌ಫ್ರಾರೆಡ್ ಕಿರಣಗಳಾಗಿ ಕಾವನ್ನು ಹೊರಗೆ ಚೆಲ್ಲುತ್ತದೆ. ಅದೂ ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತದ ಲೆಕ್ಕದಲ್ಲಿ. ಪೂರ್ತಿ ಕಪ್ಪಾದ ಮೈ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಮೀಟರಿಗೆ ಸುಮಾರು 0.9 ಕಿಲೋವಾಟ್ ಚೆಲ್ಲುತ್ತದೆ. 400 ಡಿಗ್ರಿಯಲ್ಲಿ ಅದು 11.6 ಆಗುತ್ತದೆ, 700ರಲ್ಲಿ 51ರ ಹತ್ತಿರ.

ಇದರಿಂದ ತಪ್ಪಿಸಿಕೊಳ್ಳಲು ಒಂದು ಸಂದಿ ಇದೆ. ಬಿಸಿಲಿನ ಶಕ್ತಿ ಹೆಚ್ಚೂಕಮ್ಮಿ ಎಲ್ಲ 2.5 ಮೈಕ್ರಾನ್‌ಗಿಂತ ಚಿಕ್ಕ ತರಂಗಗಳಲ್ಲಿದೆ. 400 ಡಿಗ್ರಿಯ ಮೈ ಸೂಸುವ ಕಾವು ತುತ್ತತುದಿ ಮುಟ್ಟುವುದು 4 ಮೈಕ್ರಾನ್ ದಾಟಿದ ಮೇಲೆ. ಹಾಗಾದರೆ ಮೊದಲನೆಯದಕ್ಕೆ ಕಪ್ಪಾಗಿ, ಎರಡನೆಯದಕ್ಕೆ ಕನ್ನಡಿಯಾಗಿ ವರ್ತಿಸುವ ಮೈ ಮಾಡಬಹುದು, ಅಲ್ವಾ? ಇಸ್ರೇಲಿನ ವಿಜ್ಞಾನಿ ಹ್ಯಾರಿ ಟೇಬರ್ 1955ರಲ್ಲಿ ಇದನ್ನು ಮಾಡಿ ತೋರಿಸಿದರು. ಬೆಂಗಳೂರಿನ ಮನೆಗಳ ಮೇಲೆ ಕೂತ ಎಷ್ಟೋ ಸೋಲಾರ್ ವಾಟರ್ ಹೀಟರ್‌ಗಳೊಳಗೆ ಇರುವ ಬ್ಲ್ಯಾಕ್ ಕ್ರೋಮ್ ಅದೇ ವಂಶದ್ದು. ಇಂಥದ್ದಕ್ಕೆ ಸೆಲೆಕ್ಟಿವ್ ಕೋಟಿಂಗ್ ಅನ್ನುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್‌ನ ಪದರಗಳಿಂದ ಮಾಡಿದ ಕೋಟಿಂಗ್ ನೂರಕ್ಕೆ 95ರಷ್ಟು ಬಿಸಿಲು ಹೀರಿ, ಸೂಸುವುದನ್ನು ನೂರಕ್ಕೆ 7ರ ಮಟ್ಟಕ್ಕೆ ಇಳಿಸಿತ್ತು. ಇಂಥ ಅಂಕಿ ಕಂಡಾಗ ಯಾವ ಉಷ್ಣತೆಯಲ್ಲಿ ಅಳೆದದ್ದು ಅಂತ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬಹಳಷ್ಟು ಪ್ರಬಂಧಗಳಲ್ಲಿ ಅದು 80 ಡಿಗ್ರಿ ಆಸುಪಾಸಿನದು. ಮೈ 400 ಡಿಗ್ರಿಗೆ ಏರಿದಾಗ ಅದೇ ಅಂಕಿ ಉಳಿಯುವುದಿಲ್ಲ.

ಸೆಲೆಕ್ಟಿವ್ ಕೋಟಿಂಗ್ ಎಲ್ಲಿ ಬೇಕೇ ಬೇಕು? ದೋಣಿಯಾಕಾರದ ಕನ್ನಡಿಯ ಸ್ಥಾವರಗಳಲ್ಲಿ. ಅಲ್ಲಿ ಕನ್ನಡಿಯ ಬಾಯಿ ಸುಮಾರು 5.8 ಮೀಟರ್ ಅಗಲ, ಕೊಳವೆಯ ವ್ಯಾಸ 7 ಸೆಂಟಿಮೀಟರ್. ಕೊಳವೆಯ ಸುತ್ತಳತೆಗೆ ಹಂಚಿ ಲೆಕ್ಕ ಹಾಕಿದರೆ ಬಿಸಿಲು 26 ಪಟ್ಟು ಮಾತ್ರ. ನಷ್ಟಗಳೆಲ್ಲ ಕಳೆದು ಚದರ ಮೀಟರಿಗೆ ಸುಮಾರು 20 ಕಿಲೋವಾಟ್ ಸಿಕ್ಕಿತು ಅನ್ನಿ. ಮಾಮೂಲಿ ಕಪ್ಪು ಬಳಿದರೆ 400 ಡಿಗ್ರಿಯಲ್ಲಿ ಅದರ ಅರ್ಧ ಹಾಗೇ ಆಚೆ ಹೋಗುತ್ತದೆ. ಗಾಜಿನ ಹೊದಿಕೆ ಸ್ವಲ್ಪ ತಡೆದೀತು, ಅಷ್ಟೇ. ಅದಕ್ಕೇ ಅಲ್ಲಿ ಲೋಹದ ಕಣಗಳನ್ನು ಸೆರಾಮಿಕ್‌ನಲ್ಲಿ ಬೆರೆಸಿದ ಸರ್ಮೆಟ್ ಕೋಟಿಂಗ್ ಹಾಕಿ, ಸುತ್ತ ಗಾಜು ಕೂರಿಸಿ, ನಡುವೆ ವ್ಯಾಕ್ಯೂಮ್ ಮಾಡುತ್ತಾರೆ. ಗಾಜು ಒಡೆದರೆ ಗಾಳಿ ಹೊಕ್ಕು ಸರ್ಮೆಟ್ ಉತ್ಕರ್ಷಣೆಗೊಳ್ಳುತ್ತದೆ. ಕೊಳವೆಯನ್ನೇ ಬದಲಿಸಬೇಕು.

ಗೋಪುರದ ಸ್ಥಾವರದ ಲೆಕ್ಕ ಬೇರೆ. ಸಾವಿರಾರು ಕನ್ನಡಿಗಳು ಒಂದೇ ಗೋಪುರದ ತುದಿಗೆ ಗುರಿಯಿಟ್ಟಿರುತ್ತವೆ. ಸ್ಪೇನಿನ ಹೆಮಾಸೊಲಾರ್, ಮೊರಾಕ್ಕೊದ ನೂರ್ 3 ಈ ಬಗೆಯವು. ಉಪ್ಪು 565 ಡಿಗ್ರಿವರೆಗೆ ಕಾಯುತ್ತದೆ, ಕೊಳವೆಯ ಹೊರಮೈ ಅದಕ್ಕಿಂತ ಬಿಸಿ. ಗಾಜಿಲ್ಲ, ವ್ಯಾಕ್ಯೂಮ್ ಇಲ್ಲ, ಲೇಪ ಬಟಾಬಯಲಿನ ಗಾಳಿಯಲ್ಲೇ ಇರುತ್ತದೆ. ಚದರ ಮೀಟರಿಗೆ 500 ಕಿಲೋವಾಟ್ ಬೀಳುತ್ತಿದೆ, ಮೈ 600 ಡಿಗ್ರಿ ಇದೆ ಅನ್ನಿ. ಮಾಮೂಲಿ ಕಪ್ಪು ಚೆಲ್ಲುವುದು 29 ಕಿಲೋವಾಟ್ ಆಸುಪಾಸು. ಹರಸಾಹಸ ಮಾಡಿ ಅದನ್ನು ಅರ್ಧಕ್ಕೆ ಇಳಿಸಿದರೆ ಉಳಿತಾಯವಾಗುವುದು 14 ಚಿಲ್ಲರೆ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ 3ರಷ್ಟೂ ಅಲ್ಲ! ಅದೇ ಲೇಪ ಎರಡು ವರ್ಷದಲ್ಲಿ ಸ್ವಲ್ಪ ಬಿಳಚಿಕೊಂಡು, ಹೀರುವಿಕೆ 96ರಿಂದ 93ಕ್ಕೆ ಇಳಿಯಿತೋ, ಗಳಿಸಿದ್ದೆಲ್ಲ ಹೋಯಿತು. ಗೋಪುರಕ್ಕೆ ಸೆಲೆಕ್ಟಿವ್ ಕೋಟಿಂಗ್ ಅಂತ ಉತ್ಸಾಹದಿಂದ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಈ ಲೆಕ್ಕ ಹಾಕಿಸುತ್ತೇನೆ. ಕೆಲವರ ಮುಖ ಸಣ್ಣದಾಗುತ್ತದೆ.

ಹಾಗಾಗಿಯೇ ಗೋಪುರಗಳಲ್ಲಿ ದಶಕಗಳಿಂದ ನಡೆದುಬಂದಿರುವುದು ಪೈರೋಮಾರ್ಕ್ 2500 ಎಂಬ ಸಿಲಿಕೋನ್ ಆಧಾರಿತ ಪೇಂಟ್. ಅದು ಸೆಲೆಕ್ಟಿವ್ ಅಲ್ಲ. ಸ್ಪ್ರೇ ಗನ್ನಿನಲ್ಲಿ ಹೊಡೆಯಬಹುದು, ಮತ್ತೆ ಹೊಡೆಯಬಹುದು, ಅದೇ ಅದರ ದೊಡ್ಡಸ್ತಿಕೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1982ರಲ್ಲಿ ಶುರುವಾದ 10 ಮೆಗಾವಾಟ್‌ನ ಸೋಲಾರ್ ಒನ್‌ನಲ್ಲಿ ಕೆಲ ವರ್ಷಗಳಲ್ಲೇ ಹೀರುವಿಕೆ ಇಳಿದು ಮರುಬಣ್ಣ ಮಾಡಬೇಕಾಯಿತು. ವ್ಯಾಕ್ಯೂಮ್ ಕೋಣೆಯಲ್ಲಿ ಕೂರಿಸುವ ನಾಜೂಕಿನ ಪದರಗಳನ್ನು ನೂರು ಮೀಟರ್ ಮೇಲಿರುವ ಕೊಳವೆಗೆ ಮತ್ತೆ ಹಚ್ಚುವುದು ಹೇಗೆ?

ಪೇಂಟ್ ಹೊಡೆದರೆ ಮುಗಿಯಲಿಲ್ಲ. ಮೊದಲು ಮರಳಿನಂಥ ಗ್ರಿಟ್ ಬೀಸಿ ಲೋಹದ ಮೈ ಒರಟು ಮಾಡಬೇಕು. ಜಿಡ್ಡಿನ ಸುಳಿವೂ ಇರಬಾರದು. ಆಮೇಲೆ ಹಂತ ಹಂತವಾಗಿ ಕಾಯಿಸಿ ಹದಮಾಡಬೇಕು. ಆಗ ಸಿಲಿಕೋನ್‌ನ ಸಾವಯವ ಭಾಗ ಸುಟ್ಟು ಹೋಗಿ, ಉಳಿದ ಸಿಲಿಕಾ ಕಪ್ಪು ಆಕ್ಸೈಡ್ ಕಣಗಳನ್ನು ಹಿಡಿದುಕೊಳ್ಳುತ್ತದೆ. ಗೋಪುರದ ಮೇಲೆ ಕುಲುಮೆ ತರಲಾಗುವುದಿಲ್ಲ. ಕೆಳಗಿನ ಕನ್ನಡಿಗಳನ್ನೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಬಿಸಿಲಿನಲ್ಲೇ ಹದಮಾಡುತ್ತಾರೆ. ನಡುವೆ ಮೋಡ ಬಂದರೆ ಫಜೀತಿ. ಆತುರಪಟ್ಟರೆ ಗುಳ್ಳೆ ಏಳುತ್ತವೆ, ಪದರ ದಪ್ಪವಾದರೆ ಚಕ್ಕೆ ಏಳುತ್ತವೆ.

ಲೇಪ ಕೆಡುವುದು ಬರೀ ಕಾವಿಗಲ್ಲ, ಕಾವಿನ ಏರಿಳಿತಕ್ಕೆ. 10 ಮೀಟರಿನ ನಿಕಲ್ ಮಿಶ್ರಲೋಹದ ಕೊಳವೆ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ 500 ಡಿಗ್ರಿ ಏರಿದರೆ 7 ಸೆಂಟಿಮೀಟರಿಗೂ ಜಾಸ್ತಿ ಉದ್ದವಾಗುತ್ತದೆ. ಲೇಪ ಅಷ್ಟು ಹಿಗ್ಗುವುದಿಲ್ಲ. ದಿನಕ್ಕೊಂದು ಸುತ್ತು ಅಂದರೂ 30 ವರ್ಷಕ್ಕೆ ಹತ್ತು ಸಾವಿರ ಮೀರುತ್ತದೆ, ಮೋಡದ ದಿನಗಳ ಲೆಕ್ಕ ಬೇರೆ. ಇದರ ಜೊತೆಗೆ ಲೇಪದ ಕೆಳಗೆ ಲೋಹ ತನ್ನದೇ ಆಕ್ಸೈಡ್ ಬೆಳೆಸಿಕೊಂಡು ಮೇಲಿನದನ್ನು ಎತ್ತುತ್ತದೆ. ಧೂಳು ಉಜ್ಜುತ್ತಲೇ ಇರುತ್ತದೆ.

ಈಗ ಗುರಿ ಇನ್ನೂ ಮೇಲೆ ಹೋಗಿದೆ. ಹಬೆಯ ಬದಲು ಅತಿ ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದ ಟರ್ಬೈನ್ ತಿರುಗಿಸುವ ಯೋಚನೆಗೆ 700 ಡಿಗ್ರಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಬಗೆಯ ಪರೀಕ್ಷಾ ಘಟಕವಿದೆ. ಆ ಕಾವಿನಲ್ಲಿ ಹಳೆಯ ಪೇಂಟ್ ಬೇಗ ಬಳಲುತ್ತದೆ. ತಾಮ್ರ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್ ಸೇರಿದ, ಸ್ಪಿನೆಲ್ ಎಂಬ ಹರಳು ರಚನೆಯ ಆಕ್ಸೈಡ್‌ಗಳ ಮೇಲೆ ನನಗೆ ಭರವಸೆ. ಅವು ಮೊದಲೇ ಆಕ್ಸೈಡ್ ಆದ್ದರಿಂದ ಗಾಳಿಗೆ ಅಷ್ಟಾಗಿ ಹೆದರಬೇಕಿಲ್ಲ. ಸ್ಪ್ರೇ ಕೂಡ ಮಾಡಬಹುದು.

ನನ್ನ ತಕರಾರು ಇರುವುದು ಪರೀಕ್ಷೆಗಳ ಬಗ್ಗೆ. ಎರಡು ಬೆರಳಗಲದ ಚಪ್ಪಟೆ ತುಂಡನ್ನು ಕುಲುಮೆಯಲ್ಲಿ ನೂರು ಗಂಟೆ ಇಟ್ಟು, "ಸ್ಥಿರವಾಗಿದೆ" ಅಂತ ಬರೆಯುತ್ತಾರೆ. ಗೋಪುರದ ಕೊಳವೆ ದುಂಡಗಿದೆ, ಮುಂಭಾಗಕ್ಕೆ ಮಾತ್ರ ಬಿಸಿಲು ಬೀಳುತ್ತದೆ, ಹಿಂಭಾಗ ಅಷ್ಟು ಕಾಯುವುದಿಲ್ಲ, ಬೆಸುಗೆಯ ಗುರುತುಗಳಿರುತ್ತವೆ. ಲೇಪ ಮೊದಲು ಬಿರುಕು ಬಿಡುವುದೂ ಬಹುತೇಕ ಆ ಬೆಸುಗೆಯ ಅಂಚಿನಲ್ಲೇ. ಅದಕ್ಕೇ ಸ್ಯಾಂಪಲ್ ತರುವವರಿಗೆ ಬೆಸುಗೆ ಇರುವ ಕೊಳವೆಯ ತುಂಡನ್ನೇ ತನ್ನಿ ಅನ್ನುತ್ತೇನೆ. ಜೊತೆಗೆ, ಒಂದು ಕಡೆ ಸುಮ್ಮನೆ ಕೆರೆದು ಮತ್ತೆ ಬಳಿದು ತನ್ನಿ, ಆ ತೇಪೆಯನ್ನೂ ಪರೀಕ್ಷೆ ಮಾಡೋಣ ಅಂತ ಹೇಳುತ್ತೇನೆ.