ಸರಿ–ತಪ್ಪು ಬರೀ ಭಾವನೆಯಾ? ಒಂದು ಹಳೇ ಜಗಳದ ಹಿನ್ನೆಲೆ

ಗಲ್ಲು ಶಿಕ್ಷೆ ಇರಲಿ, ದಯಾಮರಣ ಇರಲಿ, ಮಾಂಸಾಹಾರ ಇರಲಿ, ವಾದ ಬಿಸಿಯಾದಾಗ ಯಾರಾದರೂ ಒಬ್ಬರು ‘ಅದೆಲ್ಲ ಅವರವರ ಭಾವನೆ, ಬಿಡಿ’ ಅನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು. ಎಲ್ಲರಿಗೂ ಗೊತ್ತಿರುವ ಸತ್ಯದಂತೆ ಕೇಳಿಸುವ ಈ ಮಾತು ಒಂದು ಸಿದ್ಧಾಂತ. ಅದಕ್ಕೆ ಊರು, ಇಸವಿ, ಎದುರಾಳಿಗಳು ಎಲ್ಲ ಇದ್ದಾರೆ.

ಇದರ ಹಿರಿಯ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್. ಬುದ್ಧಿ ಭಾವನೆಗಳ ಆಳು, ಹಾಗೇ ಇರಬೇಕು ಎಂದು 1739ರಲ್ಲಿ ಬರೆದರು. ಒಂದು ಕೊಲೆಯನ್ನು ಎಷ್ಟೇ ತಿರುಗಿಸಿ ನೋಡಿ, ಕೆಡುಕು ಅಲ್ಲೆಲ್ಲೂ ಸಿಗದು, ನಿಮ್ಮ ಎದೆಯೊಳಗೇ ಹುಡುಕಬೇಕು ಎಂಬುದು ಅವರ ವಾದ. ಆದರೆ ನಮ್ಮ ಸ್ವಂತ ಲಾಭನಷ್ಟ ಬದಿಗಿಟ್ಟು, ಎಲ್ಲರಿಗೂ ಸಲ್ಲುವ ಜಾಗದಲ್ಲಿ ನಿಂತು ನೋಡಬೇಕು ಅಂತಲೂ ಅವರೇ ಹೇಳಿದ್ದರು. ಆ ಭಾಗವನ್ನು ಜನ ಮರೆತದ್ದೇ ಜಾಸ್ತಿ. 1785ರಲ್ಲಿ ಜರ್ಮನಿಯ ಕಾಂಟ್, ಕರ್ತವ್ಯ ನಿಲ್ಲುವುದು ಬುದ್ಧಿಯ ಮೇಲೇ ಎಂದರು. ಮುಂದಿನ ನೂರೈವತ್ತು ವರ್ಷದಲ್ಲಿ, ಸುಖದುಃಖದ ಲೆಕ್ಕ ಹಾಕುವ ಮೂರನೇ ಬಣವೂ ಜಗಳಕ್ಕೆ ಸೇರಿಕೊಂಡಿತು.

ನಿಜವಾದ ಗದ್ದಲ ಎದ್ದದ್ದು 1936ರಲ್ಲಿ. ವಿಯೆನ್ನಾದ ಚಿಂತಕರ ಗುಂಪಿನ ಜೊತೆ ಕೆಲವು ತಿಂಗಳು ಕಳೆದು ಬಂದಿದ್ದ ಇಂಗ್ಲೆಂಡಿನ ತತ್ವಜ್ಞಾನಿ ಎ.ಜೆ. ಏಯರ್ ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ. ‘ನೀನು ಆ ಹಣ ಕದ್ದದ್ದು ತಪ್ಪು’ ಎಂದರೆ ‘ನೀನು ಆ ಹಣ ಕದ್ದೆ’ ಎಂಬುದನ್ನೇ ಮುಖ ಸಿಂಡರಿಸಿ ಹೇಳಿದಂತೆ, ಅದಕ್ಕಿಂತ ಹೊಸ ವಿಷಯ ಅದರಲ್ಲಿಲ್ಲ ಎಂದು ಪುಸ್ತಕದಲ್ಲಿ ಬರೆದರು. ಸಂಗತಿಗಳ ಬಗ್ಗೆ ಒಪ್ಪಿಗೆಯಾದ ಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. ಆಕರ್ಷಕ ಮಾತು, ಅಲ್ವಾ? ಉಪದೇಶ ಕೇಳಿ ಬೇಸತ್ತವರಿಗೆ ಇನ್ನೂ ರುಚಿಸುತ್ತದೆ.

ಆಮೇಲೆ ಯುದ್ಧ ಬಂತು. 1945ರಲ್ಲಿ ನಾಜಿ ಶಿಬಿರಗಳ ಚಿತ್ರಗಳು ಇಂಗ್ಲೆಂಡಿಗೆ ತಲುಪಿದವು. ಅವನ್ನು ನೋಡಿದ ತತ್ವಜ್ಞಾನಿ ಫಿಲಿಪ್ಪಾ ಫೂಟ್ ಅವರಿಗೆ ಏಯರ್ ಹೇಳಿದ ದಾರಿ ಸರಿಯಿರಲು ಸಾಧ್ಯವೇ ಇಲ್ಲ ಅನ್ನಿಸಿತು. ನಾಜಿಗಳಿಗೆ ಒಂದು ಭಾವನೆ, ನಮಗೆ ಇನ್ನೊಂದು, ಅಷ್ಟೇ ಎನ್ನುವುದು ಹೇಗೆ? ಇದೂ ಒಂದು ಭಾವನೆಯೇ ಎಂದು ಯಾರಾದರೂ ಹೇಳಬಹುದು. ಫೂಟ್ ಅದನ್ನು ಅಲ್ಲಿಗೇ ಬಿಡದೆ ಆಕ್ಸ್‌ಫರ್ಡಿನಲ್ಲಿ ಕೂತು ವಾದ ಕಟ್ಟಿದರು. ಗಂಟೆಗೆ ಮೂರು ಸಲ ಕೈ ಜೋಡಿಸುವುದು ಒಳ್ಳೆಯ ಕೆಲಸ ಎಂದು ಒಬ್ಬ ಹೇಳುತ್ತಾನೆ ಅಂದುಕೊಳ್ಳಿ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಅವನ ಭಾವನೆ ಎಷ್ಟೇ ಗಟ್ಟಿಯಿರಲಿ, ಅದು ನೈತಿಕ ನಂಬಿಕೆ ಅಂತ ನಮಗೆ ಅರ್ಥವೇ ಆಗದು. ಮನುಷ್ಯರಿಗೆ ಆಗುವ ಒಳಿತು, ಹಾನಿಯ ಜೊತೆ ನಂಟಿಲ್ಲದೆ ‘ಒಳ್ಳೆಯದು’ ನಿಲ್ಲುವುದಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಗಟ್ಟಿ ಅನ್ನಿಸುವ ವಾದ ಇದು.

ಅದೇ ಆಕ್ಸ್‌ಫರ್ಡಿನ ಆರ್.ಎಂ. ಹೇರ್ ಜಪಾನೀಯರ ಯುದ್ಧಕೈದಿಯಾಗಿ ಬರ್ಮಾ ರೈಲುಮಾರ್ಗದಲ್ಲಿ ದುಡಿದವರು. ಅವರು ನಡುದಾರಿ ಹಿಡಿದರು. ನೈತಿಕ ಮಾತು ಒಂದು ಬಗೆಯ ಆದೇಶವೇ, ಆದರೆ ಅದೇ ಸ್ಥಿತಿಯಲ್ಲಿರುವ ಎಲ್ಲರಿಗೂ, ಹೇಳುವವರಿಗೂ, ಅನ್ವಯಿಸಬೇಕು. ಇನ್ನೊಬ್ಬ ತತ್ವಜ್ಞಾನಿ ಪೀಟರ್ ಗೀಚ್ 1960ರ ದಶಕದಲ್ಲಿ ಏಯರ್ ವಾದದ ಇನ್ನೊಂದು ತೊಡಕು ತೋರಿಸಿದರು. ‘ಬೆಕ್ಕನ್ನು ಹಿಂಸಿಸುವುದು ತಪ್ಪಾದರೆ, ತಮ್ಮನಿಂದ ಅದನ್ನು ಮಾಡಿಸುವುದೂ ತಪ್ಪು’ ಎನ್ನುವಾಗ ಮೊದಲ ಭಾಗದಲ್ಲಿ ಯಾರೂ ಸಿಟ್ಟು ತೋರಿಸುತ್ತಿಲ್ಲ. ಆದರೂ ತರ್ಕ ನಡೆಯುತ್ತದೆ. ಅಂದರೆ ‘ತಪ್ಪು’ ಎಂಬ ಮಾತಿನ ಅರ್ಥ ಬರೀ ಸಿಟ್ಟು ಆಗಿರಲಾರದು.

ತತ್ವಶಾಸ್ತ್ರದವರು ಹೀಗೆ ಗಂಟು ಬಿಡಿಸುತ್ತಿದ್ದಾಗ ಭಾವನೆಯ ಬಣಕ್ಕೆ ಮನಶ್ಶಾಸ್ತ್ರದಿಂದ ಹೊಸ ಬಲ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2001ರಲ್ಲಿ ಒಂದು ಕಥೆ ಮುಂದಿಟ್ಟರು: ಅಣ್ಣ–ತಂಗಿ ಒಮ್ಮೆ ದೈಹಿಕವಾಗಿ ಕೂಡುತ್ತಾರೆ. ಯಾರಿಗೂ ಹಾನಿಯಿಲ್ಲ, ಗುಟ್ಟೂ ಬಯಲಾಗುವುದಿಲ್ಲ. ಕೇಳಿದವರು ತಪ್ಪು ಅನ್ನುತ್ತಾರೆ, ಕಾರಣ ಕೊಡಲಾಗದೆ ತಡವರಿಸುತ್ತಾರೆ. ತೀರ್ಪು ಮೊದಲು, ಕಾರಣ ಆಮೇಲೆ ಎಂಬುದು ಹೈಟ್ ನಿಲುವು. ಇದು ಬೇಗ ಜನಪ್ರಿಯವಾಯಿತು. ಆದರೆ 2015ರ ಹೊತ್ತಿಗೆ ಬೇರೆ ಸಂಶೋಧಕರು ಇದೇ ಕಥೆಯನ್ನು ಮತ್ತೆ ಪರೀಕ್ಷಿಸಿದರು. ಹಾನಿಯಿಲ್ಲ ಎಂಬ ಮಾತನ್ನೇ ಓದುಗರಲ್ಲಿ ಅನೇಕರು ನಂಬಿರಲಿಲ್ಲ. ಅಂದರೆ ಅವರ ಬಳಿ ಕಾರಣ ಇತ್ತು. ಕಥೆ ಬರೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.