'ಫಾರ್ಮ್ಯಾಟ್ ಮಾಡಿ' ಅಂತ ಕಾರ್ಡ್ ಕೇಳಿದಾಗ: ನನ್ನ ಟಿಪ್ಪಣಿ

ಹೋದ ವಾರ ಬೇಲೂರಿನಿಂದ ಚಿಕ್ಕಮಗಳೂರಿಗೆ ಬಸ್ಸಲ್ಲಿ ಬರುವಾಗ, ಫೋಟೊ ಕಾರ್ಡಿಗೆ ಸಾಗಿಸುತ್ತಿದ್ದಂತೆಯೇ ಚಾರ್ಜ್ ಮುಗಿದು ಫೋನ್ ಆಫ್ ಆಯ್ತು. ಮನೆಗೆ ಬಂದು ಆನ್ ಮಾಡಿದರೆ ಎಸ್‌ಡಿ ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿ ಅನ್ನುವ ಸೂಚನೆ. ಚೆನ್ನಕೇಶವ ದೇವಸ್ಥಾನದ ಮದನಿಕೆಗಳ ಫೋಟೊಗಳೆಲ್ಲ ಅದರಲ್ಲೇ ಇದ್ದವು.

ಕಾರ್ಡ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಬೇರೆ ರೀಡರಿನಲ್ಲಿ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ನಾನು ಸಿಕ್ಕಿಬಿದ್ದದ್ದು ಮುಂದೆ. ಕಂಪ್ಯೂಟರಲ್ಲಿ ಫೈಲ್ ಸಿಸ್ಟಮ್ (ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) 'ರಾ' ಅಂತ ಬಂತು, ಅಂದರೆ ಅದು ಕಂಪ್ಯೂಟರಿಗೆ ಗುರುತೇ ಸಿಗುತ್ತಿಲ್ಲ. ಫೈಲ್ ಸಿಸ್ಟಮ್ಮೇ ಇಲ್ಲದ ಮೇಲೆ ಫೋಟೊ ಎಲ್ಲಿಂದ ಬರಬೇಕು?

ಅಪ್ಪ ಕಾಫಿ ತೋಟದ ರೈಟರ್. ಅವರ ಲೆಕ್ಕದ ಪುಸ್ತಕ ನೆನಪಾದಾಗ ಅರ್ಥವಾಯ್ತು. ಪುಸ್ತಕ ಮಳೆಗೆ ನೆನೆದರೂ ಗೋದಾಮಿನ ಮೂಟೆಗಳು ಇದ್ದಲ್ಲೇ ಇರುತ್ತವೆ. ನನ್ನ 32 ಜಿಬಿ ಕಾರ್ಡಿನ ಫೈಲ್ ಸಿಸ್ಟಮ್ ಫ್ಯಾಟ್32. ಅದರಲ್ಲಿ ಒಂದೊಂದು ತುಂಡು 32 ಕೆಬಿ, ಅಂದರೆ 3 ಎಂಬಿ ಫೋಟೊಗೆ 96 ತುಂಡು. ಒಂದು ತುಂಡಿನ ನಂತರ ಯಾವುದು ಅಂತ ಬರೆದಿಟ್ಟ ಪುಸ್ತಕವೇ ಫ್ಯಾಟ್ ಟೇಬಲ್. ಕಾರ್ಡಿನಲ್ಲಿ ಫೈಲ್‌ಗಳಿರುವ ಪಾರ್ಟಿಷನ್ನಿನ (ವಿಭಾಗದ) ಮೊದಲ ಸೆಕ್ಟರ್, ಅಂದರೆ ಮೊದಲ ಪುಟ್ಟ ಖಾನೆ, ಆ ಪುಸ್ತಕದ ರಟ್ಟು ಇದ್ದ ಹಾಗೆ. ರಟ್ಟು ಕಿತ್ತುಹೋದರೂ 'ರಾ' ಅಂತಲೇ ತೋರಿಸುತ್ತೆ, ಒಳಗಿನ ಫೋಟೊಗಳಿಗೆ ಏನೂ ಆಗಿರದೇ ಇರಬಹುದು.

ಹಾಗಾಗಿ ಕ್ರಮ ಬಹಳ ಮುಖ್ಯ. ಎಲ್ಲರೂ ಮೊದಲು ಚೆಕ್‌ಡಿಸ್ಕ್ (ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಪ್ರೋಗ್ರಾಂ) ಓಡಿಸು ಅಂತಾರೆ. 'ರಾ' ಕಾರ್ಡಿನಲ್ಲಿ ಅದು ಓಡುವುದೇ ಇಲ್ಲ. ಓಡುವ ಕಾರ್ಡಿನಲ್ಲಿ ರಿಪೇರಿ ಆಯ್ಕೆ ಕೊಟ್ಟರೆ ಅದು ಪುಸ್ತಕವನ್ನೇ ತಿದ್ದುತ್ತೆ, ವಾರಸುದಾರರಿಲ್ಲದ ತುಂಡುಗಳನ್ನು ಫೌಂಡ್ ಅನ್ನುವ ಫೋಲ್ಡರಿಗೆ ಹಾಕುತ್ತೆ. ಅದಕ್ಕೇ ಮೊದಲು ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ಪ್ರೋಗ್ರಾಂನಲ್ಲಿ ಇಡೀ ಕಾರ್ಡಿನ ಇಮೇಜನ್ನು, ಅಂದರೆ ಇದ್ದದ್ದು ಇದ್ದ ಹಾಗೇ ಒಂದು ನಕಲನ್ನು, ಕಂಪ್ಯೂಟರಿಗೆ ತೆಗೆದುಕೊಳ್ಳಿ. ಮುಂದಿನದ್ದೆಲ್ಲ ಆ ನಕಲಿನ ಮೇಲೆ. ಸಿಕ್ಕ ಫೋಟೊಗಳನ್ನು ಅದೇ ಕಾರ್ಡಿಗೆ ಖಂಡಿತ ಉಳಿಸಬೇಡಿ, ಇನ್ನೂ ಸಿಗದವುಗಳ ಮೇಲೆ ಬರೆದುಬಿಡುತ್ತೆ.

ಆಮೇಲೆ ಫೋಟೊರೆಕ್, ಅಳಿದ ಫೈಲ್‌ಗಳನ್ನು ಹುಡುಕಿಕೊಡುವ ಪ್ರೋಗ್ರಾಂ. ಅದು ಪುಸ್ತಕ ಬಿಟ್ಟು ನೇರ ಮೂಟೆಗಳನ್ನೇ ತಡಕುತ್ತೆ. ಜೆಪೆಗ್ (ಫೋನ್ ಫೋಟೊಗಳ ಸಾಮಾನ್ಯ ಫೈಲ್ ರೂಪ) ಯಾವಾಗಲೂ ಎಫ್‌ಎಫ್ ಡಿ8 ಎಫ್‌ಎಫ್ ಬೈಟ್‌ಗಳಿಂದ ಶುರುವಾಗುವುದರಿಂದ ಗುರುತು ಸಿಗುತ್ತೆ. ಹಳೇ ಹೆಸರು ಮಾತ್ರ ಉಳಿಯಲ್ಲ. ತುಂಡುಗಳು ಚದುರಿದ್ದರೆ ಫೋಟೊ ಅರ್ಧಕ್ಕೇ ನಿಲ್ಲುತ್ತೆ. ಕನ್ನಡಿ ಹಿಡಿದ ಮದನಿಕೆ ದರ್ಪಣಸುಂದರಿಯ ನನ್ನ ಫೋಟೊದಲ್ಲಿ ಕನ್ನಡಿಯವರೆಗೆ ಚಿತ್ರ ಇದೆ, ಸೊಂಟದಿಂದ ಕೆಳಗೆ ಬರೀ ಬೂದು ಬಣ್ಣ.

ಇನ್ನು ಬೇರೆ ಕಾಯಿಲೆಗಳು. 4 ಜಿಬಿ ದಾಟಿದ ವಿಡಿಯೊ ಹತ್ತದಿದ್ದರೆ ಕಾರ್ಡ್ ಕೆಟ್ಟಿಲ್ಲ, ಅದು ಫ್ಯಾಟ್32 ಮಿತಿ. ಕಾರ್ಡನ್ನು ಫೋನಿನ ಒಳ ಸಂಗ್ರಹವಾಗಿ ಸೇರಿಸಿದ್ದರೆ ಅದು ಎನ್‌ಕ್ರಿಪ್ಟ್ ಆಗಿರುತ್ತೆ (ಗೂಢಲಿಪಿಯಲ್ಲಿ ಬೀಗ ಹಾಕಿದ ಹಾಗೆ), ಕೀಲಿ ಫೋನಿನಲ್ಲೇ ಇರುತ್ತೆ. ಕಂಪ್ಯೂಟರಲ್ಲಿ ಓದಲ್ಲ ಅಂತ ಫೋನ್ ರೀಸೆಟ್ ಮಾಡಿದರೆ ಕೀಲಿಯೂ ಹೋಯ್ತು. ಫಾರ್ಮ್ಯಾಟ್ ಮಾಡಿದ ಮೇಲೂ ಹಳೇ ಫೈಲ್‌ಗಳು ಮತ್ತೆ ಕಾಣಿಸಿದರೆ ಕಾರ್ಡ್ ಬರೆಯುವುದನ್ನೇ ನಿಲ್ಲಿಸಿದೆ ಅಂತ ಅರ್ಥ. ಹೊಸದು ತಗೊಳ್ಳಿ.

ನನ್ನದು ಹಾಗಾಗಿರಲಿಲ್ಲ. ಇಮೇಜ್ ಎರಡು ಕಡೆ ಇಟ್ಟ ಮೇಲೆ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿದೆ. ದರ್ಪಣಸುಂದರಿಯ ಫೋಟೊಗೆ ಭಾನುವಾರ ಮತ್ತೆ ಬೇಲೂರಿಗೆ ಹೋಗಬೇಕು.